ರೆಜಿನಾಬಾಯಿಯ ಮನೆ ದಾಟದ ಚಿತ್ರ

ಫಾದರ್ ಸಿಪ್ರಿಯನ್ ನಮ್ಮ ಸೋಮನಕಟ್ಟೆಗೆ ಬಂದದ್ದು 1996ರ ಜೂನ್ ತಿಂಗಳಲ್ಲಿ. ಜೂನ್‌ನಲ್ಲಿ ನಮ್ಮೂರಿಗೆ ಬುದ್ಧಿಯಿದ್ದವರು ಯಾರೂ ಬರುವುದಿಲ್ಲ. ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು, ಕಳಸದ ಕಡೆಗೆ ಹೋಗುವ ಇನ್ನೊಂದು ಬಸ್ಸಿಗೆ ಕಾದು ಸಾಕಾಗಿ, ಕೊನೆಗೆ ಗೊಬ್ಬರದ ಲಾರಿಯಲ್ಲಿ ಡ್ರೈವರನ ಪಕ್ಕ ಕೂತು ಬಂದಿದ್ದರು. ನಿಲುವಂಗಿಯ ಅಂಚಿಗೆಲ್ಲ ಕೆಸರು, ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ. ಹಾರ ಹಿಡಿದು ನಿಂತಿದ್ದ ನಾವು ಇವರು ಯಾವುದೋ ಎಸ್ಟೇಟಿನ ಆಳು ಎಂದುಕೊಂಡು, ಹೊಸ ಫಾದರ್ ಎಲ್ಲಿ ಎಂದು ಅವರ ಹಿಂದೆ ಇಣುಕಿದೆವು. "ಹಿಂದೆ ಯೂರಿಯಾ ಮಾತ್ರ ಇದೆ ಮಾರಾಯ್ರೇ, ಫಾದರ್ ನಾನೇ," ಎಂದು ಅವರೇ ಹಾರಕ್ಕೆ ತಲೆಯೊಡ್ಡಿದರು.

ಆಗ ನಾನು ಚರ್ಚಿನ ಪ್ರೈಮರಿ ಶಾಲೆಯಲ್ಲಿ ಟೀಚರು, ಜೊತೆಗೆ ಚರ್ಚಿನ ಸಮಿತಿಗೆ ಕಾರ್ಯದರ್ಶಿ. ದೊಡ್ಡ ಹುದ್ದೆಯೇನಲ್ಲ. ಫಾದರ ಮುಖದೆದುರು ಹೇಳಲಾಗದ್ದನ್ನೆಲ್ಲ ಜನ ನನ್ನ ಕಿವಿಗೆ ತುಂಬುತ್ತಿದ್ದರು, ನಾನು ಅದಕ್ಕೆ ಸ್ವಲ್ಪ ಸಕ್ಕರೆ ಹಾಕಿ ಅವರಿಗೆ ಮುಟ್ಟಿಸುತ್ತಿದ್ದೆ. ಸಕ್ಕರೆ ಹಾಕುವುದು ನನಗೆ ಎಷ್ಟೋ ಸಲ ಮರೆತುಹೋಗುತ್ತಿತ್ತು. ಹತ್ತು ವರ್ಷ ಅವರನ್ನು ಹತ್ತಿರದಿಂದ ನೋಡಿದ್ದೇನೆ. ಅವರ ಮೇಲೆ ನನಗೆ ತುಂಬ ಪ್ರೀತಿ. ಸಿಟ್ಟೂ ಇದೆ, ಅದು ಇನ್ನೂ ಇಳಿದಿಲ್ಲ.

ಅವರು ಹೊರಗಿನವರಲ್ಲ. ಮೂಡಿಗೆರೆ ಸೀಮೆಯ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದವರ ಮಗ. ಅಪ್ಪ ಬೆಳಿಗ್ಗೆ ಆಳುಗಳ ಹಾಜರಿ ಕೂಗುತ್ತಿದ್ದ ದನಿಯಲ್ಲೇ ಸಂಜೆ ಮನೆಯಲ್ಲಿ ಜಪ ಹೇಳಿಸುತ್ತಿದ್ದರಂತೆ. "ನಮ್ಮ ಮನೇಲಿ ದೇವರೂ ಅಪ್ಪನಿಗೆ ಹೆದರಿಕೊಂಡೇ ಇದ್ರು ಟೀಚರ್," ಎಂದು ನಗುತ್ತಿದ್ದರು. ಗುರುಪಟ್ಟವಾದ ಹೊಸದರಲ್ಲಿ ಒಂದು ಪೇಟೆಯ ಚರ್ಚಿಗೆ ಸಹಾಯಕ ಗುರುವಾಗಿ ಹೋದರು. ಅಲ್ಲಿ ಒಬ್ಬ ಹುಡುಗ ನೇಣು ಹಾಕಿಕೊಂಡ. ಅಂಥವರನ್ನು ಸಮಾಧಿಭೂಮಿಯೊಳಗೆ ಹೂಳುವ ಪದ್ಧತಿ ನಮ್ಮಲ್ಲಿಲ್ಲ ಎಂದು ಅಲ್ಲಿನ ಹಿರಿಯರು ಪಟ್ಟು ಹಿಡಿದರು, ಇವರೂ ತಲೆಯಾಡಿಸಿದರು. ಬೇಲಿಯ ಹೊರಗೆ ಗುಂಡಿ ತೋಡಿಸಿದರು. ಹುಡುಗನ ತಾಯಿ ಬೇಲಿಯ ಕಂಬ ಹಿಡಿದುಕೊಂಡು, "ಸ್ವಾಮೀ, ಒಂದಿಷ್ಟು ಒಳಗೆ" ಎಂದು ಕೈಯಗಲ ತೋರಿಸಿ ಬೇಡಿದ್ದಳಂತೆ. ಪ್ರತಿವರ್ಷ ಶುಭ ಶುಕ್ರವಾರದ ಪ್ರಸಂಗದಲ್ಲಿ ಫಾದರ್ ಇದನ್ನು ಹೇಳುತ್ತಿದ್ದರು. ಆ ತಾಯಿಯ ಮಾತು ಬಂದಾಗ ಪ್ರತಿವರ್ಷವೂ ತಾವೇ ಕೈಯಗಲ ಮಾಡಿ ತೋರಿಸುತ್ತಿದ್ದರು.

ಅದಾದ ಮೇಲೆ ಅವರಿಗೆ ದೈವ ಕರುಣೆಯ ಭಕ್ತಿ ಬಿಟ್ಟರೆ ಬೇರೆ ಮಾತಿರಲಿಲ್ಲ. ಮದುವೆಯ ಪೂಜೆಯಲ್ಲೂ ಕರುಣೆ, ಹೊಸ ಮನೆಯ ಆಶೀರ್ವಾದದಲ್ಲೂ ಕರುಣೆ, ಶಾಲೆಯ ಗಡಿಯಾರ ನಿಂತರೆ ಅದಕ್ಕೂ ಕರುಣೆ. ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟ ಹೊತ್ತು ಎಂದು ದಿನಾ ಮಧ್ಯಾಹ್ನ ಮೂರು ಗಂಟೆಗೆ ಚರ್ಚಿನ ಗಂಟೆ ಹೊಡೆಸುವುದನ್ನು ಶುರುಮಾಡಿದರು. ಸುತ್ತಲಿನ ಎಸ್ಟೇಟುಗಳಲ್ಲಿ ಕಾಫಿಹಣ್ಣು ಕೊಯ್ಯುತ್ತಿದ್ದ ನಮ್ಮ ಹೆಂಗಸರು ಗಂಟೆ ಕೇಳಿದೊಡನೆ ಕೈ ಬಿಟ್ಟು ನಿಂತು ಜಪ ಹೇಳುತ್ತಿದ್ದರು. ಮೇಸ್ತ್ರಿಗಳು ಗೊಣಗಿದರು. ಒಂದು ದಿನ ತೋಟದ ಮಾಲೀಕರಾದ ಶಾಂತವೀರಪ್ಪನವರೇ ಜೀಪು ತಂದು ಫಾದರ ಬಂಗಲೆಯೆದುರು ನಿಲ್ಲಿಸಿದರು.

"ಫಾದ್ರೇ, ಆ ಗಂಟೆನ ಹಣ್ಣಿನ ಅಳತೆ ಆದ್ಮೇಲೆ ಹೊಡೆಸಿದ್ರೆ ದೇವರು ಬೇಡ ಅಂತಾರಾ?"

ಫಾದರ್ ಅವರನ್ನು ಕೂರಿಸಿ ಕಾಫಿ ಕೊಟ್ಟರು, ನಗಿಸಿದರು, ಅವರ ಮೊಮ್ಮಗಳ ಕೆಮ್ಮಿಗೆ ಔಷಧ ಹೇಳಿದರು. ಗಂಟೆಯನ್ನು ಮಾತ್ರ ಒಂದು ನಿಮಿಷವೂ ಆಚೀಚೆ ಮಾಡಲಿಲ್ಲ. ಅವರ ಮೆದು ಮಾತಿನ ಕೆಳಗೆ ಎಂಥ ಹಟವಿದೆ ಎಂದು ನಾನು ಮೊದಲು ಕಂಡದ್ದು ಅಂದು.

ಚರ್ಚಿನ ಕೆಳಗಿನ ರಸ್ತೆಯಲ್ಲಿ ಜನತಾ ಮನೆಗಳ ಸಾಲಿದೆ. ಎರಡೆರಡು ಮನೆಗಳಿಗೆ ನಡುವೆ ಒಂದೇ ಗೋಡೆ. ಆ ಗೋಡೆ ಎಷ್ಟು ತೆಳುವೆಂದರೆ ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆಯವರು ಸೀನುತ್ತಾರೆ. ಅಂಥ ಒಂದು ಜೋಡಿಮನೆಯ ಒಂದು ಪಾಲಿನಲ್ಲಿ ರೆಜಿನಾಬಾಯಿ ಇದ್ದಳು. ಗಂಡ ಸತ್ತವಳು. ಇದ್ದ ಒಬ್ಬಳೇ ಮಗಳು ಜೆಸಿಂತಾಳನ್ನು ತೋಟದ ಕೆಲಸ ಮಾಡಿ ಬೆಳೆಸಿದ್ದಳು. ಇನ್ನೊಂದು ಪಾಲಿನಲ್ಲಿ ಪಾಸ್ಕಲ್, ಅವನ ಹೆಂಡತಿ ನತಾಲಿಯಾ, ಅವರ ಇಬ್ಬರು ಮಕ್ಕಳು. ಪಾಸ್ಕಲ್‌ಗೆ ಒಂದು ಹಳೆಯ ಜೀಪಿತ್ತು. ಕೊಯ್ಲಿನ ಕಾಲದಲ್ಲಿ ಆಳುಗಳನ್ನು ತೋಟಕ್ಕೆ ಬಿಟ್ಟು ಸಂಜೆ ಕರೆತರುವುದು ಅವನ ಕೆಲಸ. ಜೆಸಿಂತಾ ಚಿಕ್ಕವಳಿದ್ದಾಗ ಅವನ ತೊಡೆಯ ಮೇಲೆ ಕೂತು ಸ್ಟಿಯರಿಂಗ್ ತಿರುಗಿಸುತ್ತ ಬೆಳೆದವಳು. ಎರಡೂ ಮನೆಯಲ್ಲಿ ಮೀನು ಮಾಡಿದರೆ ಒಂದೇ ಪಾತ್ರೆಯಲ್ಲಿ ಮಾಡುತ್ತಿದ್ದರು.

1999ರ ಜನವರಿಯಲ್ಲಿ, ಕೊಯ್ಲು ಭರದಲ್ಲಿದ್ದಾಗ, ಆ ಜೀಪು ತಿರುವಿನಲ್ಲಿ ಹಳ್ಳಕ್ಕೆ ಉರುಳಿತು. ಉಳಿದವರು ಕೈಕಾಲು ಮುರಿದುಕೊಂಡರು, ಜೆಸಿಂತಾ ಸತ್ತಳು. ಪಾಸ್ಖ ಹಬ್ಬ, ಅಂದರೆ ಈಸ್ಟರ್, ಕಳೆದ ಮೇಲೆ ಅವಳ ಮದುವೆ ಇತ್ತು.

ಜೀಪಿನ ಬ್ರೇಕು ಒಂದು ವಾರದಿಂದ ಸರಿಯಿರಲಿಲ್ಲ. ಕೊಯ್ಲಿನ ಗಡಿಬಿಡಿ ಮುಗಿಯಲಿ, ಆಮೇಲೆ ಗ್ಯಾರೇಜಿಗೆ ಬಿಡೋಣ ಎಂದು ಪಾಸ್ಕಲ್ ಎಳೆದಾಡಿಕೊಂಡು ಓಡಿಸುತ್ತಿದ್ದ. ಇದು ಅವನಿಗೆ ಗೊತ್ತಿತ್ತು, ಪಕ್ಕದ ಮನೆಯ ರೆಜಿನಾಬಾಯಿಗೂ ಗೊತ್ತಿತ್ತು. ಆದರೆ ಪೊಲೀಸರ ಮುಂದೆ ಅವನು ಯಾರೋ ಹೇಳಿಕೊಟ್ಟ ಹಾಗೆ ಬೇರೆಯೇ ಹೇಳಿಕೆ ಕೊಟ್ಟ. ಜೆಸಿಂತಾ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದಳು, ಅವಳ ಮೊಣಕಾಲು ಅಡ್ಡಬಂದು ಗೇರು ಬೀಳಲಿಲ್ಲ ಎಂದ. ನಮ್ಮ ಕಡೆಯ ಜೀಪುಗಳಲ್ಲಿ ಮುಂದೆ ಐದು ಜನ ಕೂತು ಡ್ರೈವರ್ ಅರ್ಧ ಹೊರಗೆ ನೇತಾಡುವುದು ದಿನದ ಮಾತು. ಹಾಗಾಗಿ ಎಲ್ಲರೂ ನಂಬಿದರು. ಕೇಸು ಸಡಿಲವಾಗುತ್ತ ಹೋಗಿ ಒಂದು ದಿನ ಮುಗಿದೇಹೋಯಿತು.

"ಕೊಂದದ್ದಕ್ಕೆ ನನಗೆ ಸಿಟ್ಟಿಲ್ಲ ಟೀಚರ್, ಅದು ಗ್ರಹಚಾರ," ಎಂದು ರೆಜಿನಾಬಾಯಿ ನನ್ನ ಹತ್ತಿರ ಹೇಳಿದ್ದಳು. "ಸತ್ತವಳಿಗೆ ಬಾಯಿಲ್ಲ ಅಂತ ಅವಳ ಮೇಲೇ ಹಾಕಿದ್ನಲ್ಲ, ಅದು ಸಾಯೋತನಕ ಹೋಗಲ್ಲ."

ಅಲ್ಲಿಂದ ಅವಳು ಆ ಮನೆಯ ಕಡೆ ತಲೆಯೆತ್ತಿ ನೋಡಲಿಲ್ಲ. ನೀರಿನ ನಲ್ಲಿ ಎರಡೂ ಮನೆಗೆ ಒಂದೇ. ನತಾಲಿಯಾ ಕೊಡ ಇಟ್ಟಿದ್ದರೆ ಇವಳು ಕೊಡ ತುಂಬದೆ ವಾಪಸು ಹೋಗುತ್ತಿದ್ದಳು.

ಮರುವರ್ಷ, ಪಾಸ್ಖದ ನಂತರದ ಭಾನುವಾರವನ್ನು ದೈವ ಕರುಣೆಯ ಹಬ್ಬವೆಂದು ಆಚರಿಸಬೇಕೆಂದು ರೋಮಿನಿಂದ ಘೋಷಣೆಯಾಯಿತು. ಫಾದರ್ ಸಿಪ್ರಿಯನ್‌ಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎದೆಯಿಂದ ಕೆಂಪು ಮತ್ತು ಬಿಳಿಯ ಕಿರಣ ಹೊರಡುವ ಯೇಸುವಿನ ದೊಡ್ಡ ಚಿತ್ರವೊಂದನ್ನು ಎಲ್ಲಿಂದಲೋ ತರಿಸಿ, ಮೂಡಿಗೆರೆಯಲ್ಲಿ ರಜಬ್ ಅಲಿಯವರ ಅಂಗಡಿಯಲ್ಲಿ ಕಟ್ಟು ಹಾಕಿಸಿದರು. ರಜಬ್ ಅಲಿಯವರು ಬೀಟೆಮರದ ಕಟ್ಟು ಹಾಕಿ, ದಪ್ಪ ಗಾಜು ಕೂರಿಸಿ, "ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದಕ್ಕೆ ಏನೂ ಆಗಲ್ಲ ಫಾದರ್" ಎಂದು ಹೇಳಿ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರಂತೆ. ಆ ಚಿತ್ರವನ್ನು ಎತ್ತಲು ಎರಡೂ ಕೈ ಬೇಕಿತ್ತು.

ಚಿತ್ರ ಮನೆಯಿಂದ ಮನೆಗೆ ಹೋಗಬೇಕು, ಪ್ರತಿ ಮನೆಯಲ್ಲೂ ಒಂಬತ್ತು ದಿನ ಇರಬೇಕು, ದಿನಾ ಮೂರು ಗಂಟೆಗೆ ಅಲ್ಲಿ ನೆರೆಯವರೆಲ್ಲ ಸೇರಿ ಕರುಣೆಯ ಜಪಸರ ಹೇಳಬೇಕು ಎಂದು ಫಾದರ್ ಗೊತ್ತುಮಾಡಿದರು. ಇಷ್ಟಾದರೆ ಯಾವ ಊರಲ್ಲೂ ಇರುವಂಥದೇ. ಅವರು ಇನ್ನೊಂದನ್ನು ಸೇರಿಸಿದರು. ಒಂಬತ್ತು ದಿನ ಮುಗಿದ ಮೇಲೆ ಆ ಮನೆಯವರೇ ಚಿತ್ರವನ್ನು ತಮ್ಮ ಕೈಯಾರೆ ಎತ್ತಿಕೊಂಡು ಹೋಗಿ ಪಕ್ಕದ ಮನೆಯಲ್ಲಿಟ್ಟು, ಅಲ್ಲಿ ಕೂತು ಒಂದು ಲೋಟ ಕಾಫಿ ಕುಡಿದು ಬರಬೇಕು. ಬೇರೆಯವರ ಕೈಯಲ್ಲಿ ಕಳಿಸುವ ಹಾಗಿಲ್ಲ, ಮನೆ ಬಿಟ್ಟು ಮನೆಗೆ ಹಾರಿಸುವ ಹಾಗಿಲ್ಲ.

ಇದರ ಮರ್ಮ ನಮಗೆ ಆಮೇಲೆ ತಿಳಿಯಿತು. ನಮ್ಮೂರಲ್ಲಿ ಪಕ್ಕದ ಮನೆಯವರ ಜೊತೆ ಮಾತು ಬಿಡದವರು ಯಾರಿದ್ದರು? ಬೇಲಿ ಸರಿಸಿದ್ದಕ್ಕೆ, ಕೋಳಿ ನುಗ್ಗಿದ್ದಕ್ಕೆ, ಹಲಸಿನ ಮರದ ಕೊಂಬೆಗೆ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಿದ್ದವರು ಚಿತ್ರ ಹಿಡಿದು ಎದುರಾಳಿಯ ಅಂಗಳ ಹತ್ತಲೇಬೇಕಾಯಿತು. ಎಷ್ಟೋ ಮನೆಗಳಲ್ಲಿ ಆ ಕಾಫಿಗೆ ಕಣ್ಣೀರು ಬಿದ್ದದ್ದನ್ನು ನಾನೇ ನೋಡಿದ್ದೇನೆ. ಅಣ್ಣತಮ್ಮಂದಿರಿಬ್ಬರು ಲೋಟ ಕೆಳಗಿಟ್ಟು ತಬ್ಬಿಕೊಂಡರು. ಫಾದರ್ ಆ ಒಂದು ವರ್ಷ ಊರಲ್ಲೆಲ್ಲ ಮದುವೆಮನೆಯ ಯಜಮಾನನ ಹಾಗೆ ಓಡಾಡಿದರು. ಸುದ್ದಿ ಸಂಸೆ, ಕಳಸದವರೆಗೂ ಹೋಯಿತು.

ಹೀಗೆ ಬಂದು ಬಂದು ಚಿತ್ರ 2001ರಲ್ಲಿ ರೆಜಿನಾಬಾಯಿಯ ಮನೆಗೆ ತಲುಪಿತು. ಮುಂದಿನ ಮನೆ ಪಾಸ್ಕಲನದು.

ರೆಜಿನಾಬಾಯಿ ಚಿತ್ರವನ್ನು ನಡುಗೋಡೆಗೇ ತೂಗುಹಾಕಿದಳು. ಒಂಬತ್ತು ದಿನವೂ ಹೂವಿಟ್ಟು ಭಕ್ತಿಯಿಂದ ಜಪ ಹೇಳಿದಳು. ಕೊನೆಯ ದಿನ ಊರಿನ ಅರ್ಧ ಜನ ಅಂಗಳದಲ್ಲಿ ನಿಂತಿದ್ದರು. ಪಕ್ಕದ ಮನೆಯಲ್ಲಿ ಪಾಸ್ಕಲ್ ಗೋಡೆಗೆ ಸುಣ್ಣ ಹೊಡೆದು, ಚಿತ್ರಕ್ಕೆಂದು ಹಲಗೆ ಬಡಿದು, ಹೆಂಡತಿಯ ಹತ್ತಿರ ಹೊಸ ಪುಡಿಯ ಕಾಫಿ ಮಾಡಿಸಿ, ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ರೆಜಿನಾಬಾಯಿ ಹೊರಗೆ ಬಂದು, "ಕಾಲು ಊದಿದೆ, ಮುಂದಿನ ವಾರ" ಎಂದಳು. ಮುಂದಿನ ವಾರ ತಲೆನೋವು. ಅದರ ಮುಂದಿನ ವಾರ ಯಾವ ನೆಪವನ್ನೂ ಹೇಳಲಿಲ್ಲ.

"ಇಲ್ಲೇ ಇರ್ಲಿ ಫಾದ್ರೇ. ದೇವರು ನನ್ನ ಮನೇಲಿದ್ರೆ ನಿಮಗೆಂತ ಕಷ್ಟ?"

ಫಾದರ್ ಮೊದಲು ನಕ್ಕರು. ಒಂದು ತಿಂಗಳಲ್ಲಿ ಕರಗುತ್ತಾಳೆ ಎಂದುಕೊಂಡಿದ್ದರು. ತಿಂಗಳು ಹೋಗಿ ವರ್ಷವಾಯಿತು. ಮುಂದಿನ ಮನೆಗಳವರು ನನ್ನನ್ನು ಪೀಡಿಸತೊಡಗಿದರು, ನಮ್ಮ ಸರದಿ ಯಾವಾಗ ಎಂದು. ನಾನು ಸಮಿತಿಯ ಸಭೆಯಲ್ಲಿ ಸಕ್ಕರೆ ಹಾಕದೆ ಹೇಳಿದೆ:

"ಫಾದ್ರೇ, ನಡುವೆ ಇರೋದು ಒಂದು ಗೋಡೆ. ನೀವೇ ಎತ್ಕೊಂಡು ಹೋಗಿ ಆ ಕಡೆ ಇಟ್ರೆ ಮುಗೀತು. ಇಷ್ಟಕ್ಕೆ ಇಡೀ ಊರು ಕಾಯಬೇಕಾ?"

"ನಾನು ಒಯ್ದರೆ ಅದು ಬರೀ ಫೋಟೋ ಟೀಚರ್. ರೆಜಿನಾಬಾಯಿ ಒಯ್ದರೆ ಮಾತ್ರ ಅದು ಕರುಣೆ."

ಸಭೆ ಅಲ್ಲಿಗೇ ಮುಗಿಯಿತು. ಮಾತು ಅಷ್ಟು ಚೆನ್ನಾಗಿತ್ತು. ಆ ಚೆಂದದ ಮಾತೇ ಆಮೇಲೆ ಅವರನ್ನು ಕಟ್ಟಿಹಾಕಿತು. ಬಿಡಿಸಿಕೊಳ್ಳಬೇಕಾದರೆ ತಾನು ಆಡಿದ್ದನ್ನು ತಾನೇ ನುಂಗಬೇಕು, ಅದು ಅವರಿಂದ ಆಗಲಿಲ್ಲ.

ಇತ್ತ ಪಾಸ್ಕಲ್ ಒಳಗೊಳಗೇ ಸವೆಯುತ್ತಿದ್ದ. ಜೀಪು ಮಾರಿದ್ದ, ಮತ್ತೆ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಶಾಂತವೀರಪ್ಪನವರ ತೋಟದಲ್ಲಿ ಮದ್ದು ಹೊಡೆಯುವ ಕೆಲಸಕ್ಕೆ ಹೋಗುತ್ತಿದ್ದ. ಒಂದು ಭಾನುವಾರ ಪೂಜೆ ಮುಗಿಸಿ ಜನ ಇಳಿದು ಬರುವ ಹೊತ್ತಿಗೆ ರೆಜಿನಾಬಾಯಿಯ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ:

"ಅಕ್ಕಾ, ಬ್ರೇಕು ಹೋಗಿತ್ತು. ನನಗೆ ಗೊತ್ತಿತ್ತು. ಕೂಸಿನ ಕಾಲು ಅಡ್ಡ ಬಂದಿರಲಿಲ್ಲ. ಜೈಲಿಗೆ ಹೆದರಿ ಸುಳ್ಳು ಹೇಳಿದೆ."

ರೆಜಿನಾಬಾಯಿ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದಳು. "ಕೇಳಿಸ್ತು. ಈಗ ಹೋಗು," ಎಂದು ಬಾಗಿಲು ಹಾಕಿಕೊಂಡಳು.

ಅವನು ಫಾದರ ಹತ್ತಿರ ಬಂದು ಅಳುತ್ತ ಕೂತಾಗ ನಾನು ಬಂಗಲೆಯ ಜಗಲಿಯಲ್ಲಿದ್ದೆ. ದೇವರು ಯಾವಾಗಲೋ ಕ್ಷಮಿಸಿಯಾಯಿತು, ಅದರಲ್ಲಿ ಅನುಮಾನ ಬೇಡ ಎಂದು ಫಾದರ್ ಸಮಾಧಾನ ಹೇಳಿದರು.

"ದೇವರು ಕ್ಷಮಿಸಿದ್ರು, ಸರಿ ಫಾದ್ರೇ. ನಾನು ದಿನಾ ಬೆಳಗಾದ್ರೆ ನೋಡೋದು ದೇವರ ಮುಖ ಅಲ್ಲ, ಅಕ್ಕನ ಮುಖ. ಆ ಚಿತ್ರ ಅಕ್ಕನ ಕೈಯಲ್ಲಿ ನನ್ನ ಮನೆಗೆ ಬರ್ಲಿ. ನನಗೆ ಅಷ್ಟೇ ಸಾಕು."

ಪಾಸ್ಕಲ್ ಹೋದ ಮೇಲೆ ಅವರು ಬಹಳ ಹೊತ್ತು ಕನ್ನಡಕ ಒರೆಸುತ್ತ ಕೂತಿದ್ದರು.

2003ರಲ್ಲಿ ಬಿಷಪ್ಪರಿಂದ ವರ್ಗಾವಣೆಯ ಆದೇಶ ಬಂತು. ಚಿಕ್ಕಮಗಳೂರಿನ ಒಂದು ಒಳ್ಳೆಯ ಚರ್ಚು, ಡಾಂಬರು ರಸ್ತೆ, ಹತ್ತಿರದಲ್ಲೇ ಆಸ್ಪತ್ರೆ. ಇವರಿಗೆ ಆಗ ಬಿಪಿ ಶುರುವಾಗಿತ್ತು. ಯಾರಾದರೂ ಕುಣಿದುಕೊಂಡು ಹೋಗುತ್ತಿದ್ದರು. ಇವರು ಹೋಗಿ ಬಿಷಪ್ಪರ ಕೈಕಾಲು ಹಿಡಿದು, ಇನ್ನೊಂದು ವರ್ಷ, ಇನ್ನೊಂದು ವರ್ಷ ಎಂದು ಇಲ್ಲೇ ಉಳಿದರು. ಚಿತ್ರ ಹೊರಡದೆ ತಾನು ಹೊರಡುವುದಿಲ್ಲ ಎಂಬುದು ಅವರ ಹಟ.

ಆ ವರ್ಷಗಳಲ್ಲಿ ಅವರನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಬೇರೆ ಊರುಗಳಲ್ಲಿ ಕರುಣೆಯ ಧ್ಯಾನಕೂಟಕ್ಕೆ ಅವರನ್ನು ಕರೆಯುತ್ತಿದ್ದರು. ಅವರ ಪ್ರಸಂಗ ಕೇಳಿ ನೂರಾರು ಜನ ಅತ್ತು ಪಾಪನಿವೇದನೆಗೆ ಸಾಲು ನಿಲ್ಲುತ್ತಿದ್ದರು. ಸಂಜೆಯ ಬಸ್ಸಿನಲ್ಲಿ ವಾಪಸು ಬಂದು ಇಳಿದರೆ ಚರ್ಚಿಗೆ ಹತ್ತುವ ದಾರಿ ಆ ಜೋಡಿಮನೆಯ ಮುಂದೆಯೇ ಹಾದುಹೋಗುತ್ತದೆ. ಆ ಕಡೆ ನೋಡದಿರಲಿಕ್ಕೆಂದು ಛತ್ರಿಯನ್ನು ಒಂದು ಬದಿಗೆ ವಾಲಿಸಿಕೊಂಡು ಹೋಗುತ್ತಿದ್ದರು, ಮಳೆ ಇಲ್ಲದಿದ್ದರೂ.

"ಆ ನಿಯಮ ಮಾಡಿ ಬಾಗಿಲು ನಾನೇ ಹಾಕ್ಕೊಂಡೆ ಟೀಚರ್," ಎಂದರು ಒಮ್ಮೆ. "ಒಳಗೆ ನಾನೂ ಪಾಸ್ಕಲೂ ಇಬ್ರೂ ಸಿಕ್ಕಿಹಾಕ್ಕೊಂಡಿದ್ದೀವಿ."

"ಹಾಕಿದವರೇ ತೆಗೀಬಹುದಲ್ಲ ಫಾದ್ರೇ."

"ತೆಗೆದ್ರೆ ನಾವಿಬ್ರೂ ಪಾರಾಗ್ತೀವಿ, ರೆಜಿನಾಬಾಯಿ ತನ್ನ ಸಿಟ್ಟಿನಲ್ಲೇ ಉಳೀತಾಳೆ. ಅವಳನ್ನ ಬಿಟ್ಟು ಹೋಗೋಕಾಗುತ್ತಾ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳಿಗಾಗಿ ಅವರು ಪಟ್ಟ ಪಾಡು ನನಗೆ ಗೊತ್ತು. ವಾರಕ್ಕೊಮ್ಮೆ ಅವಳ ಮನೆಗೆ ಹೋಗಿ, ಜೆಸಿಂತಾಳ ಫೋಟೋ ನೋಡಿ, ಅವಳ ಬಾಲ್ಯದ ಅದದೇ ಕಥೆಗಳನ್ನು ಮೊದಲ ಸಲ ಕೇಳುವವರಂತೆ ಕೇಳಿ ಬರುತ್ತಿದ್ದರು. ಅವಳಿಗೆ ಅವರೆಂದರೆ ಜೀವ. ಹಂದಿಮಾಂಸ ಮಾಡಿದರೆ ಮೊದಲ ಪಾಲು ಬಂಗಲೆಗೆ ಹೋಗುತ್ತಿತ್ತು. ಆದರೆ ಚಿತ್ರದ ಮಾತೆತ್ತಿದರೆ ಅವಳು ಎದ್ದು ಒಲೆಯ ಮುಂದೆ ಹೋಗಿ ಕೂರುತ್ತಿದ್ದಳು.

2004ರ ಕೊನೆಯಲ್ಲಿ ಪಾಸ್ಕಲನ ಕೆಮ್ಮು ಜೋರಾಯಿತು. ಮಂಗಳೂರಿಗೆ ಕರೆದೊಯ್ದು ತೋರಿಸಿದರು. ಶ್ವಾಸಕೋಶಕ್ಕೆ ಕ್ಯಾನ್ಸರ್, ತಡವಾಗಿದೆ ಎಂದರು. ಮನೆಗೆ ವಾಪಸು ತಂದ ಮೇಲೆ ಅವನು ತನ್ನ ಮಂಚವನ್ನು ನಡುಗೋಡೆಗೆ ತಾಗಿಸಿ ಹಾಕಿಸಿಕೊಂಡ. ಗೋಡೆಯ ಈ ಕಡೆ ಚಿತ್ರ, ಆ ಕಡೆ ಅವನ ತಲೆದಿಂಬು.

ಚಿತ್ರ ಇರುವಲ್ಲೇ ಜಪ ಎಂಬ ನಿಯಮದಂತೆ ದಿನಾ ಮೂರು ಗಂಟೆಗೆ ನಾವು ರೆಜಿನಾಬಾಯಿಯ ಮನೆಯಲ್ಲಿ ಸೇರುತ್ತಿದ್ದೆವು. ಮೊದಲಿನಷ್ಟು ಜನ ಇಲ್ಲ, ಐದಾರು ಹೆಂಗಸರು, ನಾನು, ಫಾದರ್. ಅವರು ಅರ್ಧ ಹೇಳಿದರೆ ಉಳಿದರ್ಧ ನಾವು ಹೇಳಬೇಕು. ಒಂದು ದಿನ ನಮ್ಮ ದನಿ ನಿಂತ ಮೇಲೂ ಇನ್ನೊಂದು ದನಿ ಉಳಿಯಿತು. ಗೋಡೆಯ ಆ ಕಡೆಯಿಂದ ಪಾಸ್ಕಲ್ ಕೆಮ್ಮುತ್ತ, ಒಂದು ಮಾತು ಹಿಂದೆ ಬಿದ್ದು, ಉತ್ತರ ಹೇಳುತ್ತಿದ್ದ. ನಾವೆಲ್ಲ ರೆಜಿನಾಬಾಯಿಯ ಮುಖ ನೋಡಿದೆವು. ಅವಳು ಕಣ್ಣು ಬಿಡಲಿಲ್ಲ. ಆದರೆ ಮರುದಿನದಿಂದ ಅವಳು ಜಪವನ್ನು ನಿಧಾನವಾಗಿ ಹೇಳತೊಡಗಿದಳು, ಪ್ರತಿ ಸಾಲಿನ ಕೊನೆಗೂ ಸ್ವಲ್ಪ ನಿಲ್ಲುತ್ತಿದ್ದಳು. ಆ ಕಡೆಯ ದನಿ ಬಂದು ಮುಟ್ಟಲಿ ಎಂದು ಕಾಯುತ್ತಿದ್ದಾಳೆಂದು ನನಗನ್ನಿಸಿತು. ಫಾದರಿಗೂ ಹಾಗೇ ಅನ್ನಿಸಿರಬೇಕು. "ಆಯ್ತು ಟೀಚರ್, ಇನ್ನು ಹತ್ರ ಬಂತು" ಎಂದು ಮೆಟ್ಟಿಲು ಹತ್ತುವಾಗ ಮಗುವಿನ ಹಾಗೆ ನನ್ನ ಕೈ ಹಿಡಿದುಕೊಂಡರು.

ಅವರನ್ನು ಕೆಡಿಸಿದ್ದು ಆ ಆಸೆಯೇ.

ಮರುವರ್ಷದ ಜುಲೈ. ಪಾಸ್ಕಲನಿಗೆ ಅನ್ನ ಇಳಿಯುವುದು ನಿಂತು ನಾಲ್ಕೈದು ದಿನವಾಗಿತ್ತು. ಫಾದರ್ ಅವನ ಹಣೆಗೆ ಪವಿತ್ರ ಎಣ್ಣೆ ಹಚ್ಚಿ ರೋಗಿಗಳ ಅಭ್ಯಂಗ ಕೊಟ್ಟು ಹೊರಗೆ ಬಂದಾಗ ನತಾಲಿಯಾ ಅವರ ದಾರಿಗೆ ಅಡ್ಡ ನಿಂತಳು. ಅವಳು ಯಾರೆದುರೂ ಜೋರು ಮಾತಾಡಿದವಳಲ್ಲ.

"ಫಾದ್ರೇ, ನೀವೇ ತಂದ್ಬಿಡಿ. ಅಕ್ಕ ತರೋದು ಬೇಡ. ಕಣ್ಣಿಗೆ ಒಂದ್ಸಲ ಬೀಳ್ಲಿ ಇವರಿಗೆ. ಬಾಗಿಲ ಕಡೇನೇ ನೋಡ್ತಾ ಮಲಗಿದ್ದಾರೆ."

ಫಾದರ್ ನೆಟ್ಟಗೆ ರೆಜಿನಾಬಾಯಿಯ ಮನೆಗೆ ಹೋದರು. ನಾನೂ ಹಿಂದೆಯೇ ಹೋದೆ. ಅವಳು ಅಕ್ಕಿ ತೊಳೆಯುತ್ತಿದ್ದಳು. ಇವರು ಚಿತ್ರದ ಕಟ್ಟಿಗೆ ಎರಡೂ ಕೈ ಹಾಕಿದರು.

"ತಗೊಂಡು ಹೋಗಿ ಫಾದ್ರೇ," ಎಂದಳು ರೆಜಿನಾಬಾಯಿ, ತಲೆಯೆತ್ತದೆ. "ನಾನು ತಡೆಯಲ್ಲ."

ಅವರ ಕೈ ಹಾಗೇ ನಿಂತಿತು. "ನಾನಲ್ಲ ರೆಜಿನಾ, ನೀವು," ಎಂದರು. "ಇಷ್ಟು ವರ್ಷ ಕಾದದ್ದು ನಾನು ಒಯ್ಯಲಿಕ್ಕಲ್ಲ. ನೀವು ಎತ್ತಿ. ಬೇಕಾದ್ರೆ ನಾನೂ ಒಂದು ಕಡೆ ಹಿಡೀತೀನಿ."

ಅವಳು ಅಕ್ಕಿಯ ನೀರು ಬಗ್ಗಿಸಿ ಇನ್ನೊಮ್ಮೆ ನೀರು ಹಾಕಿದಳು.

"ತಗೊಳ್ಳಿ ಫಾದ್ರೇ," ಎಂದು ನಾನು ಅವರ ಬೆನ್ನ ಹಿಂದಿನಿಂದ ಗದರಿಸಿದೆ. "ಅವರೇ ಒಪ್ಪಿದ್ದಾರಲ್ಲ. ಇನ್ನೆಂತ ಬೇಕು ನಿಮಗೆ?"

ಫಾದರ್ ಕೈ ತೆಗೆದರು. "ನಾಳೆ ಇನ್ನೊಂದ್ಸಲ ಮಾತಾಡ್ತೀನಿ. ಒಂದೇ ದಿನ ಟೀಚರ್. ಇವಳು ಬಗ್ಗಿದ್ದಾಳೆ, ನಿಮಗೆ ಕಾಣಲ್ವಾ?" ಎಂದು ಬರಿಗೈಯಲ್ಲಿ ಹೊರಗೆ ಬಂದರು. ಅಂಗಳದಲ್ಲಿ ನತಾಲಿಯಾ ನಿಂತಿದ್ದಳು. ಅವರ ಖಾಲಿ ಕೈ ನೋಡಿ ಒಳಗೆ ಹೋದಳು.

ಮರುದಿನ ಮೂರು ಗಂಟೆಗೆ ಜಪ ಶುರುವಾಯಿತು. ಫಾದರ್ ಮೊದಲ ಸಾಲು ಹೇಳಿದರು, ನಾವು ಉತ್ತರ ಹೇಳಿದೆವು. ಗೋಡೆಯ ಆ ಕಡೆಯಿಂದ ಏನೂ ಬರಲಿಲ್ಲ. ರೆಜಿನಾಬಾಯಿ ನಿಲ್ಲಿಸಿ ಕಾದಳು. ಎರಡನೆಯ ಸಾಲಿಗೂ ಬರಲಿಲ್ಲ. ಮೂರನೆಯದನ್ನು ಅವಳು ಹೇಳಲೇ ಇಲ್ಲ. ಮಣಿ ಬೆರಳಲ್ಲಿ ಹಿಡಿದುಕೊಂಡೇ ಎದ್ದು ಗೋಡೆಗೆ ಕಿವಿಯಿಟ್ಟಳು. ಅಷ್ಟರಲ್ಲಿ ನತಾಲಿಯಾ ಕೂಗಿಕೊಂಡದ್ದು ಕೇಳಿಸಿತು.

ಆಗ ರೆಜಿನಾಬಾಯಿ ಆ ಭಾರದ ಚಿತ್ರವನ್ನು ಮೊಳೆಯಿಂದ ಇಳಿಸಿ, ಎದೆಗೊತ್ತಿಕೊಂಡು, ಮಳೆಯಲ್ಲಿ ಬರಿಗಾಲಲ್ಲಿ ಅಂಗಳ ದಾಟಿದಳು. ಹಿಡಿಯಲು ಹೋದವರ ಕೈ ತಳ್ಳಿದಳು. ನಾಲ್ಕು ವರ್ಷದಿಂದ ಖಾಲಿಯಿದ್ದ ಹಲಗೆಯ ಮೇಲೆ ಚಿತ್ರವನ್ನಿಟ್ಟಳು. ಪಾಸ್ಕಲನ ಕಣ್ಣು ಬಾಗಿಲ ಕಡೆಗೇ ತೆರೆದಿತ್ತು. ಅವಳೇ ಮುಚ್ಚಿದಳು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಪಕ್ಕದ ಮನೆಯವರು ಕಾಫಿ ಗಂಜಿ ಮಾಡಿ ತಂದುಕೊಡಬೇಕು. ರೆಜಿನಾಬಾಯಿ ತನ್ನ ಮನೆಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ಕಾಫಿ ಕಾಯಿಸಿ ತಂದು, ನತಾಲಿಯಾಗೆ, ಮಕ್ಕಳಿಗೆ, ನಮಗೆಲ್ಲ ಕೊಟ್ಟು, ಕೊನೆಗೆ ತಾನೊಂದು ಲೋಟ ಹಿಡಿದು ಹೆಣದ ಪಕ್ಕ ಚಾಪೆಯ ಮೇಲೆ ಕೂತು ಕುಡಿದಳು. ಫಾದರ ನಿಯಮ ಅಲ್ಲಿಗೆ ಪೂರ್ತಿಯಾಯಿತು.

"ಜೀವ ಇದ್ದಾಗ ಕೈ ಏಳ್ಲಿಲ್ಲ ಫಾದ್ರೇ," ಎಂದಳು. "ಈಗ ಎದ್ದಿತು. ನಾನೆಂತ ಮಾಡ್ಲಿ?"

ಫಾದರ್ ಮೊಣಕಾಲೂರಿ ಪಾಸ್ಕಲನ ಕಿವಿಯ ಹತ್ತಿರ ಬಗ್ಗಿ, "ಬಂತು ಪಾಸ್ಕಲ್, ಅಕ್ಕನೇ ತಂದಳು, ಬಂತು," ಎಂದು ಬಿಕ್ಕಿ ಬಿಕ್ಕಿ ಅತ್ತರು. ಅಲ್ಲಿದ್ದವರೆಲ್ಲ ಅತ್ತರು. ನತಾಲಿಯಾ ಮಾತ್ರ ಅಳು ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು.

ಒಂಬತ್ತು ದಿನ ಕಳೆದ ಮೇಲೆ ಚಿತ್ರವನ್ನು ನತಾಲಿಯಾಳೇ ಹೊತ್ತುಕೊಂಡು ಮುಂದಿನ ಮನೆಗೆ ಬಂದಳು. ಅದು ನನ್ನ ಮನೆ. ನನ್ನ ಜೊತೆ ಕೂತು ಕಾಫಿ ಕುಡಿದಳು, ರೆಜಿನಾಬಾಯಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾಳೆಂದು ಹೇಳಿದಳು. ಮೂರು ಗಂಟೆಗೆ ಫಾದರ್ ಜಪಕ್ಕೆಂದು ಮೆಟ್ಟಿಲು ಹತ್ತಿದ್ದು ಕಂಡಕೂಡಲೇ ಅರ್ಧ ಲೋಟ ಕೆಳಗಿಟ್ಟು ಹಿಂಬಾಗಿಲಿನಿಂದ ಹೊರಟುಹೋದಳು. ಆಮೇಲೆ ಅವಳು ಫಾದರ ಪೂಜೆಗೆ ಬರಲಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಮಕ್ಕಳನ್ನು ಕರೆದುಕೊಂಡು ಮೂಡಿಗೆರೆಯ ಚರ್ಚಿಗೆ ಹೋಗುತ್ತಿದ್ದಳು.

ಚಿತ್ರ ಒಂದು ವರ್ಷದೊಳಗೆ ಉಳಿದ ಮನೆಗಳನ್ನೆಲ್ಲ ಸುತ್ತಿ ಚರ್ಚಿಗೆ ಬಂತು. 2006ರ ಮೇ ತಿಂಗಳಲ್ಲಿ ಮತ್ತೆ ವರ್ಗಾವಣೆಯಾಯಿತು, ಈ ಸಲ ಫಾದರ್ ಬೇಡವೆನ್ನಲಿಲ್ಲ. ಹೊರಡುವ ದಿನ ಬಸ್ಸಿಗಿನ್ನೂ ಹೊತ್ತಿದ್ದಾಗ, "ಬನ್ನಿ ಟೀಚರ್, ಒಬ್ಬನೇ ಹೋಗೋಕೆ ಧೈರ್ಯ ಇಲ್ಲ," ಎಂದು ನನ್ನನ್ನು ಕರೆದುಕೊಂಡು ನತಾಲಿಯಾಳ ಮನೆಗೆ ಹೋದರು. ಅವಳು ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದಳು. ಕೂರಿ ಎನ್ನಲಿಲ್ಲ. ಇವರು ನಿಂತೇ ಹೇಳಿದರು:

"ನತಾಲಿಬಾಯಿ, ಅವತ್ತು ನೀವು ಕೇಳಿದಾಗಲೇ ನಾನು ತರಬೇಕಿತ್ತು. ಬೇಲಿ ಕಿತ್ತುಹಾಕ್ತೀನಿ ಅಂತ ಹೊರಟು ನಾನೇ ಒಂದು ಬೇಲಿ ಹಾಕಿದೆ. ತಪ್ಪಾಯ್ತು. ಕ್ಷಮಿಸಿ ಅಂತ ಕೇಳೋಕೆ ಬಂದೆ."

"ದೇವರು ಕ್ಷಮಿಸ್ತಾರೆ ಫಾದ್ರೇ. ಅದನ್ನ ನೀವೇ ನಮಗೆ ಕಲಿಸಿದ್ದು."

"ನೀವು?"

ನತಾಲಿಯಾ ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಅವಳ ದನಿಯಲ್ಲಿ ಜಗಳವಿರಲಿಲ್ಲ, ದಣಿವಿತ್ತು.

"ನನ್ನ ಮನಸ್ಸು ಇನ್ನೂ ಬರ್ತಿಲ್ಲ ಫಾದ್ರೇ. ಬಂದ ದಿನ ನಾನೇ ಕರೀತೀನಿ. ಅಲ್ಲಿ ತನಕ ಕಾಯ್ರಿ. ಅವರೂ ಕಾದ್ರಲ್ಲ."

ಫಾದರ್ ತಲೆಬಗ್ಗಿಸಿ ಆಯಿತೆಂದರು.

ಅವರು ಈಗಿರುವ ಊರಿನಲ್ಲೂ ಕರುಣೆಯ ಭಕ್ತಿಯನ್ನು ಬೆಳೆಸಿದ್ದಾರಂತೆ. ಅಲ್ಲಿ ಚಿತ್ರವನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಂತೆ. ಪ್ರತಿವರ್ಷ ಜುಲೈನಲ್ಲಿ, ಪಾಸ್ಕಲ್ ಸತ್ತ ದಿನ, ಸೋಮನಕಟ್ಟೆಗೆ ಬರುತ್ತಾರೆ. ಸಮಾಧಿಯ ಹತ್ತಿರ ಪ್ರಾರ್ಥಿಸಿ, ಜೋಡಿಮನೆಯ ಜಗಲಿಗೆ ಬಂದು ಒದ್ದೆ ಛತ್ರಿ ಮಡಚಿಟ್ಟು ಕೂರುತ್ತಾರೆ. ರೆಜಿನಾಬಾಯಿ ತನ್ನ ಬಾಗಿಲಿಗೆ ಬಂದು ಮಾತಾಡಿಸುತ್ತಾಳೆ, ಕಾಫಿ ಬೇಕಾ ಎನ್ನುತ್ತಾಳೆ. ಬೇಡ ಎನ್ನುತ್ತಾರೆ. ಈ ವರ್ಷ ಬಂದದ್ದು ನಾಲ್ಕನೆಯ ಸಲ. ಸಂಜೆಯ ಬಸ್ಸು ಹಾರ್ನ್ ಹೊಡೆಯುವವರೆಗೂ ಕೂತಿದ್ದರು. ಒಳಗೆ ನತಾಲಿಯಾ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅವಳು ಇನ್ನೂ ಕರೆದಿಲ್ಲ.